ಹರಿದ ಎಳೆ, ಮಾಗಿದ ಕೈ



ಕಳೆದ ವಾರ ಮೇಜಿನ ಮೇಲಿದ್ದ ಕನ್ನಡಕಕ್ಕೆ ಕೈ ಚಾಚಿದೆ. ನಡುವೆ ನೀರು ತುಂಬಿದ ತಂಬಿಗೆಯೂ ಅದರ ಪಕ್ಕದಲ್ಲಿ ಔಷಧಿಯ ಶೀಶೆಯೂ ಇದ್ದವು. ಹಿಂದೆ ಆಗಿದ್ದರೆ ಅವೆರಡರ ಸಂದಿಯಲ್ಲಿ ಕೈ ತೂರಿಸಿ, ಮಾತನಾಡುತ್ತಲೇ ಕನ್ನಡಕವನ್ನು ಎತ್ತಿಕೊಂಡುಬಿಡುತ್ತಿದ್ದೆ. ಈಗ ಕೈ ತಾನಾಗಿಯೇ ಅರೆಕ್ಷಣ ತಡೆಯಿತು. ಶೀಶೆಯಿಂದ ದೂರ ಸರಿದು, ತಂಬಿಗೆಯ ಮೇಲಿನಿಂದ ಬಳಸಿ, ಕನ್ನಡಕದ ಹತ್ತಿರ ಬಂದ ಮೇಲೆ ಇನ್ನಷ್ಟು ನಿಧಾನವಾಗಿ ಇಳಿಯಿತು. ನೋಡುತ್ತಿದ್ದ ಮೊಮ್ಮಗಳು ನಕ್ಕು, "ಅಜ್ಜಾ, ನಿನ್ನ ಕೈ ಊರೆಲ್ಲಾ ಸುತ್ತಿ ಹೋಗತೈತಿ" ಎಂದಳು.

ನನಗೂ ನಗೆ ಬಂದಿತು. ಆದರೆ ಆ ಮಾತಿನೊಡನೆ ಬಹಳ ವರ್ಷಗಳ ಹಿಂದಿನ ಬನಹಟ್ಟಿಯ ಒಂದು ನೇಕಾರರ ಮನೆಯೂ, ಅಲ್ಲಿನ ಒಬ್ಬ ಹಿರಿಯರ ಕೈಯೂ ನೆನಪಿಗೆ ಬಂದವು. ಆ ನೆನಪಿನಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ಹೇಳಿಕೊಳ್ಳುವುದಕ್ಕೆ ಮೊದಲು ಆ ಕೈಯ ಹಿಂದಿನ ಇತಿಹಾಸವನ್ನು ಸ್ವಲ್ಪ ಹೇಳಬೇಕು.

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಇಂದು ಒಂದೇ ಬಾಗಲಕೋಟೆ ಜಿಲ್ಲೆಯಲ್ಲಿವೆ. ಆ ಜಿಲ್ಲೆ ವಿಜಾಪುರದಿಂದ ಬೇರೆಯಾದದ್ದು 1997ರಲ್ಲಿ. ಸ್ವಾತಂತ್ರ್ಯಕ್ಕೆ ಮೊದಲು ಈ ಊರುಗಳು ಬೇರೆ ಬೇರೆ ಆಳ್ವಿಕೆಗಳಲ್ಲಿ ಹಂಚಿಹೋಗಿದ್ದವು. ಜಮಖಂಡಿ ಪಟವರ್ಧನರ ಸಂಸ್ಥಾನ, ಬನಹಟ್ಟಿಯೂ ಅವರದೇ. ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಬನಹಟ್ಟಿಗೆ ಅಂಟಿಕೊಂಡಿರುವ ರಬಕವಿ ಮಾತ್ರ ದೂರದ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಗಡಿ ಬೇರೆಯಾಗಿದ್ದರೂ ಓಣಿಗಳಲ್ಲಿ ಕೇಳಿಬರುತ್ತಿದ್ದುದು ಒಂದೇ ಮಗ್ಗದ ಸದ್ದು. ಮುಧೋಳ ಸೀಮೆಯ ಮಹಾಲಿಂಗಪುರದಲ್ಲಿಯೂ ಅದೇ ಸದ್ದು, ಆಚೆ ಗುಳೇದಗುಡ್ಡದಲ್ಲಿಯೂ ಇಳಕಲ್ಲಿನಲ್ಲಿಯೂ ಅದೇ ಸದ್ದು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ, ಇಳಕಲ್ಲಿನಲ್ಲಿ ಸೀರೆ, ನಮ್ಮ ರಬಕವಿ-ಬನಹಟ್ಟಿಗಳಲ್ಲಿ ಹತ್ತಿಯ ಸೀರೆಗಳು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆ ಓಣಿಗಳಲ್ಲಿ ಮಗ್ಗದ ಸದ್ದು ಮಾತ್ರ ಹಾಗೆಯೇ ನಡೆದಿತ್ತು.

ಮಗ್ಗವನ್ನು ಹತ್ತಿರದಿಂದ ನೋಡದವರು ನೇಯ್ಗೆಯೆಂದರೆ ಲಾಳಿ ಎಸೆಯುವುದು ಎಂದೇ ತಿಳಿದಿರುತ್ತಾರೆ. ಕಷ್ಟವಿರುವುದು ಬೇರೆ ಕಡೆ. ಒಂದು ಸೀರೆಯ ಹಾಸಿನಲ್ಲಿ ಇಂಚಿಗೆ 60 ಎಳೆಗಳೆಂದು ಹಿಡಿಯಿರಿ. 48 ಇಂಚಿನ ಅಗಲಕ್ಕೆ 2,880 ಎಳೆಗಳಾದವು. ಪ್ರತಿ ಎಳೆಗೂ ದೊರೆಯುವ ಜಾಗ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಈ ಎಳೆಗಳೆಲ್ಲ ವೀಣೆಯ ತಂತಿಗಳಂತೆ ಬಿಗಿದು ನಿಂತಿರುತ್ತವೆ. ಅವುಗಳಲ್ಲಿ ಒಂದು ಹಣಿಗೆಯ ಹಿಂದೆ ಎಲ್ಲೋ ಹರಿಯುತ್ತದೆ. ನೇಕಾರನು ಕುಳಿತಲ್ಲಿಂದಲೇ ಮುಂದೆ ಬಾಗಿ, ಹಣಿಗೆಯ ಚೌಕಟ್ಟನ್ನು ದಾಟಿ, ಬಿಗಿದ ಎಳೆಗಳ ನಡುವೆ ಬೆರಳಿಳಿಸಿ, ಬಿದ್ದ ತುದಿಯನ್ನು ಹುಡುಕಿ, ಎರಡು ಬೆರಳುಗಳಲ್ಲಿ ಹಿಡಿದು, ಬೇರೊಂದು ನೂಲನ್ನು ಗಂಟು ಹಾಕಿ, ಎಳೆಯನ್ನು ಮೇಲೆ ಕೆಳಗೆ ಮಾಡುವ ನೂಲಿನ ಕಣ್ಣಿನಲ್ಲಿ ತೂರಿಸಿ, ಹಣಿಗೆಯ ಹಲ್ಲಿನ ಸಂದಿಯಲ್ಲಿ ಎಳೆದು ಮುಂದಕ್ಕೆ ತರಬೇಕು. ಇಷ್ಟು ಮಾಡುವಾಗ ಪಕ್ಕದ ಎಳೆಗೆ ಉಗುರು ತಾಗಿದರೆ ಅದೂ ಹರಿಯುತ್ತದೆ. ಒಂದನ್ನು ಜೋಡಿಸಲು ಹೋಗಿ ಮೂರನ್ನು ಹರಿದುಕೊಂಡರೆ ಆ ಮುಂಜಾನೆ ಮುಗಿದಂತೆಯೇ.

ಅಡೆತಡೆಗಳನ್ನು ಬಳಸಿ ಕೈ ಚಾಚಿ ವಸ್ತುವನ್ನು ಹಿಡಿಯುವುದು ಎಂಬುದನ್ನು ಇಂದು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಮರದ ತುಂಡುಗಳನ್ನೂ ಶೀಶೆಗಳನ್ನೂ ಇಟ್ಟು ಪರೀಕ್ಷಿಸುತ್ತಾರೆ. ನಮ್ಮ ಊರುಗಳಲ್ಲಿ ಆ ಪರೀಕ್ಷೆ ತಲೆತಲಾಂತರದಿಂದ ಪ್ರತಿದಿನವೂ ಮಗ್ಗದ ಮೇಲೆ ನಡೆಯುತ್ತ ಬಂದಿದೆ.

ಈಗ ನನ್ನ ತಪ್ಪಿನ ವಿಷಯ. ನಾನು ಬನಹಟ್ಟಿಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗ ವಾರಕ್ಕೆ ಎರಡು ಮೂರು ದಿನ ತಡವಾಗಿ ಬರುತ್ತಿದ್ದ. ಕಾರಣ ಕೇಳಿದರೆ ತಲೆ ತಗ್ಗಿಸುವನು. ನಾನು ಅವನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಒಂದು ದಿನ ಎಲ್ಲರ ಮುಂದೆ "ನಿದ್ದೆಗೇಡಿ" ಎಂದೂ ಅಂದುಬಿಟ್ಟೆ. ಆಗಲೂ ಅವನು ಏನೂ ಹೇಳಲಿಲ್ಲ. ಕೆಲವು ದಿನಗಳ ನಂತರ, ತಂದೆ-ತಾಯಿಯರಿಗೆ ದೂರು ಹೇಳೋಣವೆಂದು, ಶಾಲೆಗೆ ಹೋಗುವ ಮುನ್ನ ಅವನ ಮನೆಯ ಕಡೆ ನಡೆದೆ.

ಪಡಸಾಲೆಯಲ್ಲಿ ಕುಣಿ ಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕುಳಿತಿದ್ದವರು ಹುಡುಗನ ಅಜ್ಜ. ಹುಡುಗ ಮಗ್ಗದ ಆಚೆ ಬದಿಯಲ್ಲಿ ಮೊಳಕಾಲೂರಿ, ಕತ್ತನ್ನು ಓರೆ ಮಾಡಿಕೊಂಡು, ಎಳೆಗಳ ನಡುವೆ ಬೆರಳಿಳಿಸಿ ಒಂದೊಂದೇ ತುದಿಯನ್ನು ಹಿಡಿದು ಕೊಡುತ್ತಿದ್ದ. ಹಿಂದಿನ ಸಂಜೆ ಬೆಳಕು ಮಾಸಿದ ಮೇಲೆ ಹರಿದ ಎಳೆಗಳನ್ನು ಅಜ್ಜ ಹಾಗೆಯೇ ಬಿಟ್ಟು ಎದ್ದಿದ್ದರು. ಮುಂಜಾನೆ ಅವನ್ನು ಜೋಡಿಸಿಕೊಟ್ಟ ಮೇಲೆಯೇ ಮೊಮ್ಮಗ ಪಾಟೀಚೀಲ ಹೊರಬೇಕು. ಆ ಮನೆಯ ಅಂದಿನ ದುಡಿಮೆ ಅವನ ಆ ಅರ್ಧ ತಾಸಿನ ಮೇಲೆ ನಿಂತಿತ್ತು. ನಾನು ದೂರು ಹೇಳಲಿಲ್ಲ. ಚಹ ಕುಡಿದು ಬಂದೆ. ಹುಡುಗನ ಕ್ಷಮೆಯನ್ನೂ ಕೇಳಲಿಲ್ಲ. ಮಾಸ್ತರರು ಹುಡುಗರ ಕ್ಷಮೆ ಕೇಳುವ ಕಾಲ ಅದಾಗಿರಲಿಲ್ಲ.

ಆಮೇಲೆ ಆ ಮನೆಗೆ ಆಗಾಗ ಹೋಗುವುದು ರೂಢಿಯಾಯಿತು. ಅಜ್ಜನವರ ಕೈಯನ್ನು ನಾನು ಗಮನಿಸಿ ನೋಡಿದ್ದು ಆಗ. ಹಗಲು ಬೆಳಕು ಚೆನ್ನಾಗಿದ್ದಾಗ ಅವರು ತಾವೇ ಎಳೆ ಜೋಡಿಸುತ್ತಿದ್ದರು. ಪಕ್ಕದ ಮನೆಯ ತರುಣನ ಕೈ ಎಳೆಗಳ ನಡುವೆ ನೇರವಾಗಿ ಇಳಿದು ಎದ್ದುಬಿಡುತ್ತಿತ್ತು. ಅಜ್ಜನವರ ಕೈ ಬದಿಯಿಂದ ಬಳಸಿ ಬರುವುದು. ಮಣಿಕಟ್ಟನ್ನು ಮರದ ಮೇಲೆ ಊರಿಕೊಳ್ಳುವರು. ಎಡಗೈಯ ಅಂಗೈಯಿಂದ ಪಕ್ಕದ ಎಳೆಗಳನ್ನು ಮೆಲ್ಲಗೆ ಒತ್ತಿ ದಾರಿ ಮಾಡಿಕೊಳ್ಳುವರು. ತುದಿಯ ಹತ್ತಿರ ಬಂದಂತೆ ಬೆರಳುಗಳ ಚಲನೆ ಇನ್ನೂ ನಿಧಾನ. ಹಿಡಿದ ಮೇಲೆ ಮಾತ್ರ ಬೇಕಾದುದಕ್ಕಿಂತ ಬಿಗಿಯಾಗಿ ಹಿಡಿಯುವರು. ಒಮ್ಮೆ ನಾನು ಸುಮ್ಮನಿರಲಾರದೆ, "ಕಣ್ಣಿಗೆ ತ್ರಾಸ ಆಗತೈತೇನ್ರಿ ಯಜಮಾನರ?" ಎಂದು ಕೇಳಿದೆ. ಅವರು ತಲೆಯೆತ್ತದೆಯೇ, "ಕೈಗೆ ದಾರಿ ಗೊತ್ತೈತ್ರಿ ಮಾಸ್ತರ. ನಡ್ಯೂದಷ್ಟ ಸಾವಕಾಶ" ಎಂದರು.

ಈ ಮಾತನ್ನು ನಾನು ಆಗ ವಿನೋದವೆಂದುಕೊಂಡಿದ್ದೆ. ನಿವೃತ್ತನಾದ ಮೇಲೆ ಓದಲು ಬಿಡುವು ದೊರೆತಾಗ, ಅದರಲ್ಲಿ ನೂರು ವರ್ಷಗಳ ವಿಜ್ಞಾನದ ಸಾರವೇ ಇದ್ದಿತೆಂದು ತಿಳಿಯಿತು.

1899ರಲ್ಲಿ ಅಮೆರಿಕದ ರಾಬರ್ಟ್ ವುಡ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ಕೈಯ ಚಲನೆಯಲ್ಲಿ ಎರಡು ಹಂತಗಳಿವೆ ಎಂದು ತೋರಿಸಿಕೊಟ್ಟರು. ಮೊದಲನೆಯದು ಗುರಿಯ ಹತ್ತಿರಕ್ಕೆ ಒಂದೇ ಬೀಸಿನಲ್ಲಿ ಕೈಯನ್ನು ಒಯ್ಯುವ ಹಂತ; ಎರಡನೆಯದು ಕಣ್ಣಿನಿಂದ ನೋಡಿ ಸಣ್ಣಪುಟ್ಟ ತಿದ್ದುಪಡಿ ಮಾಡಿಕೊಳ್ಳುವ ಹಂತ. ಕಣ್ಣು ಮುಚ್ಚಿದಾಗ ನಿಧಾನವಾಗಿ ಚಲಿಸಿದರೂ ಕೈಯ ನಿಖರತೆ ಹೆಚ್ಚಲಿಲ್ಲ. ಕಣ್ಣು ತೆರೆದಿದ್ದಾಗ ಮಾತ್ರ ನಿಧಾನಕ್ಕೆ ಫಲವಿತ್ತು. 1954ರಲ್ಲಿ ಪಾಲ್ ಫಿಟ್ಸ್ ಅವರು, ಗುರಿ ಚಿಕ್ಕದಾದಷ್ಟೂ ದೂರವಾದಷ್ಟೂ ಕೈಗೆ ಬೇಕಾಗುವ ಕಾಲ ಹೇಗೆ ಹೆಚ್ಚುತ್ತದೆಂಬುದನ್ನು ಲೆಕ್ಕದ ಸೂತ್ರವಾಗಿ ಬರೆದರು. 1980ರ ದಶಕದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಮಾರ್ಕ್ ಜನ್ನರೋ ಅವರು ಇನ್ನೊಂದು ಸಂಗತಿಯನ್ನು ತಿಳಿಸಿದರು. ತೋಳು ವಸ್ತುವಿನತ್ತ ಸಾಗುತ್ತಿರುವಾಗಲೇ ಬೆರಳುಗಳು ಆ ವಸ್ತುವಿಗಿಂತ ಅಗಲವಾಗಿ ತೆರೆದುಕೊಂಡು, ಬಳಿ ಸಾರುವಾಗ ಮುಚ್ಚಿಕೊಳ್ಳತೊಡಗುತ್ತವೆ. ತೋಳಿನ ಪ್ರಯಾಣ, ಬೆರಳಿನ ಹಿಡಿತ, ಇವೆರಡನ್ನೂ ಮಿದುಳು ಒಂದೇ ತಾಳಕ್ಕೆ ಹೊಂದಿಸುತ್ತಿರುತ್ತದೆ.

ವಯಸ್ಸಾದಾಗ ಈ ತಾಳಕ್ಕೆ ಏನಾಗುತ್ತದೆ? ಮೊದಲ ಬೀಸು ಸಾಮಾನ್ಯವಾಗಿ ಕುಗ್ಗುತ್ತದೆ, ಕೊನೆಯ ತಿದ್ದುಪಡಿಯ ಹಂತ ಹಿಗ್ಗುತ್ತದೆ. ಗುರಿಯ ಹತ್ತಿರ ಬಂದು ಕೈ ಹೆಚ್ಚು ಹೊತ್ತು ನಿಧಾನಿಸುತ್ತದೆ, ಹೆಚ್ಚು ಸಲ ತಿದ್ದಿಕೊಳ್ಳುತ್ತದೆ, ಕಣ್ಣಿನ ನೆರವನ್ನು ಹೆಚ್ಚು ಬೇಡುತ್ತದೆ. ಆದರೆ ಕಣ್ಣೂ ಅದೇ ವೇಳೆಗೆ ಸೊರಗಿರುತ್ತದೆ. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಮಂದವಾಗತೊಡಗುತ್ತದೆ. ಮುಂದೆ ಕಣ್ಣಿನ ಮಸೂರವು ಹಳದಿಗಟ್ಟಿ, ಪಾಪೆ ಕಿರಿದಾಗಿ, ಒಳಗೆ ತಲುಪುವ ಬೆಳಕೂ ಕಡಿಮೆಯಾಗುತ್ತದೆ. ಬೆರಳ ತುದಿಯ ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸುವ ಸೂಕ್ಷ್ಮಾಂಗಗಳ ಸಂಖ್ಯೆ ಇಳಿಯುತ್ತದೆ, ಚರ್ಮ ಒಣಗಿ ಜಾರುತ್ತದೆ. ಆದುದರಿಂದಲೇ ಹಿರಿಯರು ವಸ್ತುವನ್ನು ಬೇಕಾದುದಕ್ಕಿಂತ ಬಿಗಿಯಾಗಿ ಹಿಡಿಯುತ್ತಾರೆ. 1991ರಲ್ಲಿ ಕೆಲ್ಲಿ ಕೋಲ್ ಎಂಬ ಸಂಶೋಧಕರು ಈ ಬಿಗಿಯನ್ನು ಅಳೆದು ತೋರಿಸಿದರು. ದಾರಿಯಲ್ಲಿ ಅಡೆತಡೆಯಿದ್ದರೆ ಯಾರ ಕೈಯಾದರೂ ಅದರಿಂದ ಒಂದಿಷ್ಟು ಅಂತರ ಬಿಟ್ಟು ಸಾಗುತ್ತದೆ. ಸಂದಿ ಕಿರಿದಾದರೆ ವೇಗ ತಗ್ಗಿಸುತ್ತದೆ. ಮುಪ್ಪಿನ ಕೈ ಈ ಎಚ್ಚರಕ್ಕೆ ಇನ್ನೂ ಹೆಚ್ಚಿನ ಕಾಲವನ್ನು ತೆರುತ್ತದೆ. ನನ್ನ ಕೈ "ಊರೆಲ್ಲಾ ಸುತ್ತಿ" ಹೋದದ್ದು, ಅಜ್ಜನವರ ಕೈ ಬದಿಯಿಂದ ಬಳಸಿ ಬಂದದ್ದು ಇದೇ ಎಚ್ಚರದಿಂದ.

ಇವೆಲ್ಲ ನಷ್ಟದ ಲೆಕ್ಕ. ಲಾಭದ ಲೆಕ್ಕವೂ ಒಂದಿದೆ. 1984ರಲ್ಲಿ ಟಿಮೊತಿ ಸಾಲ್ಟ್‌ಹೌಸ್ ಎಂಬವರು 19ರಿಂದ 72 ವರ್ಷ ವಯಸ್ಸಿನ ಬೆರಳಚ್ಚುಗಾರರನ್ನು ಪರೀಕ್ಷಿಸಿದರು. ಹಿರಿಯರ ಬೆರಳು ನಿಧಾನವಾಗಿದ್ದರೂ ಬೆರಳಚ್ಚಿನ ವೇಗ ಕುಗ್ಗಿರಲಿಲ್ಲ. ಏಕೆಂದರೆ ಅವರ ಕಣ್ಣು ಬೆರಳಿಗಿಂತ ಹೆಚ್ಚು ಅಕ್ಷರಗಳಷ್ಟು ಮುಂದೆ ಓದಿಕೊಂಡಿರುತ್ತಿತ್ತು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಅಜ್ಜನವರು ಮಾಡುತ್ತಿದ್ದುದೂ ಅದೇ ತಾನೆ! ನೇಯುತ್ತ ನೇಯುತ್ತ ಇದ್ದಕ್ಕಿದ್ದಂತೆ ಲಾಳಿ ನಿಲ್ಲಿಸಿ ಹಾಸಿನ ಮೇಲೆ ಅಂಗೈಯಾಡಿಸುವರು. ಎಲ್ಲೋ ಒಂದು ಎಳೆ ಸಡಿಲಾಗಿದೆ, ಇಲ್ಲವೆ ಗಂಜಿ ಬಿಟ್ಟು ನವಿರೆದ್ದಿದೆ ಎಂಬುದು ಅಂಗೈಗೆ ತಿಳಿಯುತ್ತಿತ್ತು. ಅದು ಹರಿಯುವ ಮುನ್ನವೇ, ಹಣಿಗೆಯ ಹಿಂದಿನ ಇಕ್ಕಟ್ಟಿಗೆ ಹೋಗುವ ಮುನ್ನವೇ, ಕೈಗೆ ಸುಲಭವಾಗಿ ಸಿಗುವಲ್ಲಿಯೇ ಸರಿಪಡಿಸಿಬಿಡುವರು. ತರುಣನು ಹರಿದ ಎಳೆಯನ್ನು ಬೇಗನೆ ಜೋಡಿಸುತ್ತಿದ್ದ. ಅಜ್ಜನವರ ಮಗ್ಗದಲ್ಲಿ ಎಳೆ ಹರಿಯುವುದೇ ಅಪರೂಪ. ಅಡೆತಡೆಯನ್ನು ದಾಟುವ ಬಲ ಕುಗ್ಗಿದಾಗ ಅಡೆತಡೆಯ ಬಳಿಗೇ ಹೋಗದಂತೆ ನೋಡಿಕೊಳ್ಳುವುದನ್ನು ಆ ಕೈ ಕಲಿತುಕೊಂಡಿತ್ತು.

ನೇಕಾರರ ಮನೆಗಳಿಗೆ ಈ ಸತ್ಯ ಹೊಸದಾಗಿರಲಿಲ್ಲ. ಅಲ್ಲಿನ ಕೆಲಸದ ಹಂಚಿಕೆಯೇ ವಯಸ್ಸಿನ ಲೆಕ್ಕದಲ್ಲಿತ್ತು. ಮಕ್ಕಳು ಕಂಡಿಕೆ ಸುತ್ತುವರು, ಹರಿದ ತುದಿಗಳನ್ನು ಹಿಡಿದು ಕೊಡುವರು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವ ಕೆಚ್ಚುವ ಕೆಲಸಕ್ಕೆ ಚುರುಕು ಬೆರಳಿನವರು. ನಡುವಯಸ್ಸಿನವರು ಮಗ್ಗಕ್ಕೆ. ಮಗ್ಗದಿಂದ ಎದ್ದ ಮುದುಕರೂ ಮುದುಕಿಯರೂ ರಾಟಿಯ ಮುಂದೆ. ರಾಟಿಯಲ್ಲಿ ದಾಟಬೇಕಾದ ಅಡ್ಡಿಯಿಲ್ಲ, ನೂಲು ತಾನಾಗಿ ಕೈಯ ಬಳಿಗೆ ಬರುತ್ತದೆ, ಬೇಕಾದಷ್ಟು ನಿಧಾನಿಸಬಹುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೂಲಿನ ಅಧಿಕಾರಿಯ ಪ್ರಕರಣವನ್ನು ತೆರೆದು ನೋಡಿದರೆ, ವಿಧವೆಯರೊಡನೆ, ಅಂಗವಿಕಲರೊಡನೆ ಮುದಿಯಾದ ರಾಜದಾಸಿಯರಿಗೂ ನೂಲುವ ಕೆಲಸ ಕೊಡಬೇಕೆಂಬ ವಿಧಿ ಕಾಣುತ್ತದೆ. ಮಾಗಿದ ಕೈಗೆ ತಕ್ಕ ಕೆಲಸ ಯಾವುದೆಂಬ ಚಿಂತನೆ ಅಷ್ಟು ಹಳೆಯದು.

ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ 1946ರಿಂದ 1956ರವರೆಗೆ ಅಲನ್ ವೆಲ್‌ಫರ್ಡ್ ಮತ್ತು ಅವರ ಸಂಗಡಿಗರು ವಯಸ್ಸು ಮತ್ತು ಕೈಚಳಕದ ಬಗ್ಗೆಯೇ ಅಧ್ಯಯನ ನಡೆಸಿದರು. ವೆಲ್‌ಫರ್ಡರ ಗ್ರಂಥ 1958ರಲ್ಲಿ ಹೊರಬಂದಿತು. ಕಾರ್ಖಾನೆಗಳಲ್ಲಿ ಹಿರಿಯ ಕೆಲಸಗಾರರು ಭಾರವಾದ ಕೆಲಸಕ್ಕಿಂತ ಹೆಚ್ಚಾಗಿ, ಯಂತ್ರದ ವೇಗಕ್ಕೆ ಕೈ ಹೊಂದಿಸಬೇಕಾದ ಕೆಲಸದಿಂದ ಹಿಂದೆ ಸರಿಯುತ್ತಾರೆಂಬುದು ಆ ಅಧ್ಯಯನದ ಒಂದು ಮುಖ್ಯ ತೀರ್ಮಾನ. ತಮ್ಮ ಗತಿಯಲ್ಲಿ ಮಾಡಲು ಬಿಟ್ಟರೆ ಅವರ ಕೆಲಸ ಕೆಡುವುದಿಲ್ಲ. ಬನಹಟ್ಟಿಯ ಅಜ್ಜನವರ ಮಾತಿಗೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕೆ?

ನಮ್ಮ ಊರುಗಳಲ್ಲಿ ಮಗ್ಗದ ಗತಿ ಎರಡು ಸಲ ಬದಲಾಯಿತು. ಮೊದಲ ಬದಲಾವಣೆ ಮುದುಕರಿಗೆ ಉಪಕಾರ ಮಾಡಿತು. ಹಿಂದೆ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯಬೇಕಾಗಿತ್ತು. ಬಟ್ಟೆಯ ಅಗಲವು ತೋಳುಗಳ ಚಾಚಿನಷ್ಟೇ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಗ್ಗ ಎಳೆದರೆ ತಾನೇ ಓಡುವ ಲಾಳಿಯನ್ನು ಕಂಡುಹಿಡಿದನು. ಭಾರತದ ಕೈಮಗ್ಗಗಳಲ್ಲಿ ಅದು ಹರಡಿದ್ದು 20ನೆಯ ಶತಮಾನದಲ್ಲಿ. ಅದರಿಂದ ತೋಳು ಚಾಚುವ ಶ್ರಮ ಕಡಿಮೆಯಾಯಿತು. ಹರಿದ ಎಳೆಯ ಕಷ್ಟ ಮಾತ್ರ ಹಾಗೆಯೇ ಉಳಿಯಿತು.

ಎರಡನೆಯ ಬದಲಾವಣೆ ವಿದ್ಯುತ್ ಮಗ್ಗ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಟಕಟಕ ಸದ್ದು ಹೋಗಿ ಎಡೆಬಿಡದ ಗುಡುಗು ಬಂದಿತು. ಕೈಮಗ್ಗದವರನ್ನು ಕಾಪಾಡಲು ಸರ್ಕಾರಗಳು ಪ್ರಯತ್ನಿಸಲಿಲ್ಲವೆಂದಲ್ಲ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯನ್ನು ಕೇಂದ್ರ ಸರ್ಕಾರ ತಂದಿತು. ಆದರೂ ಬಹುಪಾಲು ತರುಣರು ಯಂತ್ರದ ಕಡೆಗೆ ಹೋದರು. ಅದನ್ನು ನಾನು ತಪ್ಪೆನ್ನಲಾರೆ. ಹೊಟ್ಟೆಗೆ ಹೆಚ್ಚು ದೊರೆಯುವ ಕಡೆ ಮನುಷ್ಯ ಹೋಗಲೇಬೇಕು. ಆದರೆ ವಿದ್ಯುತ್ ಮಗ್ಗದ ಮುಂದೆ ಒಬ್ಬನು ಒಂದಕ್ಕಿಂತ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳಬೇಕು. ಒಂದರಲ್ಲಿ ಎಳೆ ಹರಿದರೆ, ಇನ್ನೊಂದು ಓಡುತ್ತಿರುವಾಗಲೇ, ಇಕ್ಕಟ್ಟಾದ ಹಾದಿಯಲ್ಲಿ ಬಾಗಿ ಅದನ್ನು ಜೋಡಿಸಬೇಕು. ಅಲ್ಲಿ ಮಾಗಿದ ಕೈಯು ಸುತ್ತು ಬಳಸಿ ಬರುವುದಕ್ಕೆ ವೇಳೆಯಿಲ್ಲ.

ಕೈಮಗ್ಗದಲ್ಲಿಯೂ ನ್ಯಾಯ ಪೂರ್ತಿಯಾಗಿರಲಿಲ್ಲ ಎನ್ನಬೇಕು. ಕೂಲಿ ಸೀರೆಯ ಲೆಕ್ಕಕ್ಕೆ. ಎಳೆ ಜೋಡಿಸುವ ಹೊತ್ತಿಗೆ ಕೂಲಿಯಿಲ್ಲ. ಎಳೆ ಹರಿಯದಂತೆ ನೋಡಿಕೊಂಡ ಜಾಣ್ಮೆಗೂ ಕೂಲಿಯಿಲ್ಲ. ಅಜ್ಜನವರು ವಾರಕ್ಕೆ ನೇಯುವ ಸೀರೆಗಳ ಸಂಖ್ಯೆ ಇಳಿದಂತೆ ಅವರ ಬೆಲೆಯೂ ಇಳಿಯಿತು. ಅವರ ಸೀರೆಯಲ್ಲಿ ಒಂದು ಗಂಟೂ ಕಣ್ಣಿಗೆ ಬೀಳುತ್ತಿರಲಿಲ್ಲ ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲು ಕಾಲಂ ಇರಲಿಲ್ಲ. ಕೊನೆಗೆ ಅವರು ಮಗ್ಗದಿಂದ ಎದ್ದು ರಾಟಿಯ ಮುಂದೆ ಕುಳಿತರು. ಕೆಲವು ವರ್ಷಗಳಲ್ಲಿ ಮಗ್ಗವನ್ನೇ ಬಿಚ್ಚಿ ಅಟ್ಟಕ್ಕೆ ಹಾಕಿದರೆಂದು ಕೇಳಿದೆ. ಕುಣಿಯನ್ನು ಮುಚ್ಚಿ ಫರಸಿ ಹಾಕಿಸಿದರಂತೆ.

ನಾನು ಇದನ್ನೆಲ್ಲ ಬರೆದುದು ಬರಿಯ ಹಳಹಳಿಗಲ್ಲ. ನನ್ನ ಶಿಷ್ಯರಲ್ಲಿ ಅನೇಕರು ಇಂದು ಮಗ್ಗಗಳ ಒಡೆಯರಾಗಿದ್ದೀರಿ, ಕೆಲವರು ಅಧಿಕಾರಿಗಳಾಗಿದ್ದೀರಿ, ಎಲ್ಲರ ಮನೆಗಳಲ್ಲಿಯೂ ಹಿರಿಯರಿದ್ದಾರೆ. ಮಾಗಿದ ಕೈಗೆ ಬೇಕಾದುದು ಬಹಳ ಕಡಿಮೆ. ಒಳ್ಳೆಯ ಬೆಳಕು ಬೇಕು. ಹತ್ತಿರ ಕಾಣುವ ಕನ್ನಡಕ ಬೇಕು. ಬಿಳಿಯ ಹಾಸಿನ ಕೆಳಗೆ ಒಂದು ಕಪ್ಪು ಕಾಗದ ಹಾಸಿದರೂ ಹರಿದ ಎಳೆ ಎದ್ದು ಕಾಣುತ್ತದೆ. ಅಡುಗೆಮನೆಯಲ್ಲಿ ಅಜ್ಜಿಯ ಉಪ್ಪಿನ ಡಬ್ಬಿಯನ್ನು ಎಣ್ಣೆಯ ಬಾಟಲಿಯ ಹಿಂದೆ ಇಡಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ, ಆ ಕೈ ಬಳಸಿ ಬರುವಷ್ಟು ಹೊತ್ತು ಕಾಯಿರಿ. ನಡುವೆ ನುಗ್ಗಿ ನೀವೇ ಎತ್ತಿಕೊಡಬೇಡಿ. ಎಳೆ ಹರಿಯುವ ಮುನ್ನವೇ ತಿಳಿಯುವ ಅಂಗೈ ಯಾರದಾದರೂ ಇನ್ನೂ ಉಳಿದಿದ್ದರೆ, ಅವರನ್ನು ಕಲಿಸಲು ಕೂರಿಸಿ, ಕಲಿಸಿದ್ದಕ್ಕೆ ಕೂಲಿ ಕೊಡಿರಿ.

ಇನ್ನು ಅಂದು ಬಾಗಿಲ ಹೊರಗೆ ನಿಂತಿದ್ದ ಹುಡುಗನಿಗೆ ಒಂದು ಮಾತು. ನೀನು ಇಂದು ಎಲ್ಲಿದ್ದೀಯೋ ತಿಳಿಯದು. ನಿನಗೂ ಈಗ ಹತ್ತಿರದ ಅಕ್ಷರ ಓದಲು ಕನ್ನಡಕ ಬಂದಿರಬೇಕು. ಈ ಪುಟ ನಿನ್ನ ಕಣ್ಣಿಗೆ ಬಿದ್ದರೆ ಇಷ್ಟು ತಿಳಿ. ನೀನು ನಿದ್ದೆಗೇಡಿಯಾಗಿರಲಿಲ್ಲ. ನೀನು ನಿನ್ನ ಅಜ್ಜನ ಕಣ್ಣಾಗಿದ್ದೆ, ಬೆರಳಾಗಿದ್ದೆ. ತಡವಾಗಿ ಬಂದವನು ನೀನಲ್ಲ, ಈ ಮಾತಿನೊಡನೆ ಇಷ್ಟು ವರ್ಷಗಳ ಮೇಲೆ ಬರುತ್ತಿರುವ ನಾನು. ನಿನ್ನ ಮಾಸ್ತರನನ್ನು ಕ್ಷಮಿಸು.